ಬುಧವಾರದ ಅಜ್ಜಿಯರು

1992ರ ಜನವರಿ 8, ಬುಧವಾರ. ಸಿಯೋಲ್ ನಗರದಲ್ಲಿ ಜಪಾನ್ ರಾಯಭಾರ ಕಚೇರಿಯ ಮುಂದೆ ಮಧ್ಯಾಹ್ನ ಹನ್ನೆರಡಕ್ಕೆ ಸುಮಾರು ಮೂವತ್ತು ಜನ ಸೇರಿದರು. ಜಪಾನಿನ ಪ್ರಧಾನಿ ಕೀಚಿ ಮಿಯಾಜಾವಾ ಮರುವಾರ ದಕ್ಷಿಣ ಕೊರಿಯಾಕ್ಕೆ ಬರುವವರಿದ್ದರು. ಅವರು ಬರುವ ಮೊದಲೇ ಅವರ ಕಿವಿಗೆ ಒಂದು ಮಾತು ಬೀಳಲಿ ಎಂಬುದು ಸೇರಿದವರ ಉದ್ದೇಶ. ಪ್ರಧಾನಿ ಬಂದರು, ಹೋದರು. ಸಭೆ ಮಾತ್ರ ನಿಲ್ಲಲಿಲ್ಲ. ಮತ್ತೊಂದು ಬುಧವಾರ, ಮಗದೊಂದು ಬುಧವಾರ, ಅದೇ ಜಾಗ, ಅದೇ ಹೊತ್ತು. 2025ರ ಮೇ ತಿಂಗಳ ಹೊತ್ತಿಗೆ ಸಭೆಗಳ ಎಣಿಕೆ 1,700 ತಲುಪಿತ್ತು.

ಅಲ್ಲಿ ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂರುತ್ತಿದ್ದವರು ಮುದುಕಿಯರು. ಕೊರಿಯಾದಲ್ಲಿ ಎಲ್ಲರೂ ಅವರನ್ನು ಕರೆಯುವುದು ಅಜ್ಜಿ ಎಂದೇ. ಹದಿಮೂರು, ಹದಿನಾಲ್ಕು, ಹದಿನೇಳರ ವಯಸ್ಸಿನಲ್ಲಿ ಜಪಾನಿ ಸೇನೆಯ ಲೈಂಗಿಕ ಗುಲಾಮಗಿರಿಗೆ ಸಿಕ್ಕಿ, ಸಾಯದೆ ಉಳಿದು ಬಂದವರು ಇವರು. ಇವರು ಕೇಳಿದ್ದು ಜಪಾನ್ ಸರಕಾರ ಕಾನೂನಿನ ಹೊಣೆ ಹೊತ್ತು ಕ್ಷಮೆ ಕೇಳಲಿ ಎಂದು. ಅದು ಸಿಗಲಿಲ್ಲ. ಆದರೆ ಸಿಗದ್ದನ್ನು ಕೇಳುತ್ತ ನಿಂತ ಮೂರು ದಶಕಗಳಲ್ಲಿ ಇವರು ಇನ್ನೊಂದನ್ನು ಕಟ್ಟಿದರು. ತಮ್ಮಂತೆಯೇ ನೊಂದ ಬೇರೆ ಹೆಂಗಸರಿಗೆ ಆಸರೆ ಅದು. ಕೊರಿಯಾದಲ್ಲಷ್ಟೇ ಅಲ್ಲ, ಕಾಂಗೋದಲ್ಲಿ, ವಿಯೆಟ್ನಾಮಿನಲ್ಲಿ ಕೂಡ. ಪರಿಹಾರ ಕೈಗೆ ಬರುವ ಮೊದಲೇ ಅದನ್ನು ಇನ್ನೊಬ್ಬರಿಗೆ ಬರೆದುಕೊಟ್ಟ ವಿಚಿತ್ರ ಇತಿಹಾಸ ಇದು.

ಜಪಾನಿ ಸೇನೆಯ ‘ಕಂಫರ್ಟ್ ಸ್ಟೇಷನ್’ಗಳು ಶುರುವಾದದ್ದು 1932ರಲ್ಲಿ, ಶಾಂಘೈನಲ್ಲಿ. 1937ರ ಡಿಸೆಂಬರಿನಲ್ಲಿ ನಾನ್‌ಜಿಂಗ್ ನಗರ ಸೂರೆಯಾದ ಮೇಲೆ ಅವು ದಂಡು ಹೋದ ಕಡೆಯೆಲ್ಲ ಹಬ್ಬಿದವು. ಸೈನಿಕರು ಊರ ಹೆಂಗಸರ ಮೇಲೆ ಬೀಳದಿರಲಿ, ಗುಹ್ಯರೋಗ ಹರಡದಿರಲಿ, ಗುಟ್ಟು ಹೊರಬೀಳದಿರಲಿ ಎಂದು ಸೇನೆ ತನಗೆ ತಾನೇ ಕಾರಣಗಳನ್ನು ಕೊಟ್ಟುಕೊಂಡಿತ್ತು. ಹುಡುಗಿಯರಲ್ಲಿ ಬಹಳ ಮಂದಿ ಆಗ ಜಪಾನಿನ ವಸಾಹತಾಗಿದ್ದ ಕೊರಿಯಾದವರು. ಚೀನಾ, ತೈವಾನ್, ಫಿಲಿಪ್ಪೀನ್ಸ್, ಇಂಡೋನೇಷ್ಯಾದವರೂ ಇದ್ದರು. ಜಾವಾದಲ್ಲಿ ಸೆರೆಸಿಕ್ಕ ಡಚ್ ಯುವತಿಯರೂ ಇದ್ದರು. 1942ರ ಮಾರ್ಚಿನಲ್ಲಿ ಜಪಾನಿನ ಕೈವಶವಾದ ನಮ್ಮ ಅಂಡಮಾನಿನಲ್ಲೂ ಇಂಥ ಕೇಂದ್ರ ನಡೆದಿತ್ತು. ಒಟ್ಟು ಎಷ್ಟು ಮಂದಿ ಎಂಬುದಕ್ಕೆ ಒಮ್ಮತದ ಲೆಕ್ಕವಿಲ್ಲ. ಸೋತ ಸೇನೆ ಕಾಗದಪತ್ರಗಳನ್ನು ಸುಟ್ಟಿತು. ಇತಿಹಾಸಕಾರರ ಅಂದಾಜು 50 ಸಾವಿರದಿಂದ 2 ಲಕ್ಷದವರೆಗೆ, ಕೆಲವರದು ಅದಕ್ಕೂ ಮೇಲೆ.

ಉಳಿದು ಮನೆ ಸೇರಿದವರಿಗೆ ಅಲ್ಲಿ ಕಾದಿದ್ದದ್ದು ಮೌನ. ಹೆಣ್ಣಿನ ಶೀಲವನ್ನು ಮನೆತನದ ಮರ್ಯಾದೆಗೆ ಗಂಟುಹಾಕಿದ ಸಮಾಜದಲ್ಲಿ ಬಾಯಿ ಬಿಟ್ಟವಳಿಗೇ ಕಳಂಕ. ಅದನ್ನು ಬಿಡಿಸಿ ಹೇಳುವ ಅಗತ್ಯ ಕನ್ನಡದ ಓದುಗರಿಗೆ ಇಲ್ಲ. ಸರಕಾರವೂ ಸುಮ್ಮನಿತ್ತು. 1965ರಲ್ಲಿ ಜಪಾನ್ ಮತ್ತು ದಕ್ಷಿಣ ಕೊರಿಯಾ ಸಂಬಂಧ ಸರಿಪಡಿಸಿಕೊಂಡಾಗ 30 ಕೋಟಿ ಡಾಲರ್ ಅನುದಾನ, 20 ಕೋಟಿ ಡಾಲರ್ ಸಾಲ ಕೈಬದಲಾಯಿತು; ಈ ಹೆಂಗಸರ ಸುದ್ದಿ ಬರಲಿಲ್ಲ. 1975ರಲ್ಲಿ ಬೆ ಬೊಂಗ್-ಗಿ ಎಂಬ ಕೊರಿಯನ್ ಮಹಿಳೆಯ ಕಥೆ ಜಪಾನಿ ಪತ್ರಿಕೆಗಳಲ್ಲಿ ಬಂತು. ಓಕಿನಾವಾ ದ್ವೀಪಕ್ಕೆ ಸಾಗಿಸಲ್ಪಟ್ಟ ಆಕೆ ಯುದ್ಧ ಮುಗಿದರೂ ಅಲ್ಲೇ ಉಳಿದಿದ್ದರು. ವಾಸದ ಪರವಾನಗಿಗಾಗಿ ಅಧಿಕಾರಿಗಳ ಮುಂದೆ ತಮ್ಮ ಹಿಂದಿನದನ್ನು ಹೇಳಲೇಬೇಕಾಗಿ ಬಂದಿತ್ತು. ಕೊರಿಯಾದಲ್ಲಿ ಆ ಸುದ್ದಿಗೆ ಯಾರೂ ತಲೆ ಎತ್ತಿ ನೋಡಲಿಲ್ಲ. ಸರ್ವಾಧಿಕಾರದ ಕಾಲ ಅದು. ಎತ್ತಿ ನೋಡಲು ಆಗ ತಲೆಗಳಿಗೆ ಬಿಡುವೂ ಇರಲಿಲ್ಲ.

ಮೌನ ಬಿರುಕುಬಿಟ್ಟದ್ದು ಬೇರೊಂದು ದಿಕ್ಕಿನಿಂದ. 1986ರಲ್ಲಿ ಕ್ವೊನ್ ಇನ್-ಸುಕ್ ಎಂಬ ವಿದ್ಯಾರ್ಥಿ ಹೋರಾಟಗಾರ್ತಿ ಬುಚಿಯೊನ್ ಪೊಲೀಸ್ ಠಾಣೆಯಲ್ಲಿ ತನ್ನ ಮೇಲೆ ನಡೆದ ಲೈಂಗಿಕ ಹಿಂಸೆಯನ್ನು ಮುಚ್ಚಿಡದೆ ದೂರು ಕೊಟ್ಟರು. ಆಮೇಲೆ ಬಂದ ಪರಿಹಾರದ ಹಣದಲ್ಲಿ ಆಕೆ ತೆರೆದದ್ದು ಕಾರ್ಮಿಕರ ಹಕ್ಕುಗಳ ಕೇಂದ್ರ. ಮರುವರ್ಷ, 1987ರ ಜೂನಿನಲ್ಲಿ, ಬೀದಿಗಿಳಿದ ಜನ ಸೇನಾಡಳಿತವನ್ನು ಮಣಿಸಿ ನೇರ ಚುನಾವಣೆ ಪಡೆದರು. ಮಹಿಳಾ ಸಂಘಟನೆಗಳಿಗೆ ಉಸಿರಾಡಲು ಜಾಗ ಸಿಕ್ಕಿತು.

ಆ ಜಾಗವನ್ನು ಬಳಸಿಕೊಂಡವರಲ್ಲಿ ಇಹ್ವಾ ಮಹಿಳಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಯುನ್ ಚಂಗ್-ಒಕ್ ಮುಖ್ಯರು. 1925ರಲ್ಲಿ ಹುಟ್ಟಿದ ಅವರದು ಈ ಹುಡುಗಿಯರದೇ ವಯಸ್ಸು. ಅವರು ಕಾಲೇಜಿನಲ್ಲಿದ್ದಾಗ ಓರಗೆಯವರು ಲಾರಿ, ಹಡಗುಗಳಲ್ಲಿ ಕಾಣೆಯಾಗಿದ್ದರು. ಯುದ್ಧ ಮುಗಿದ ಮೇಲೆ ಆ ಹುಡುಗಿಯರು ಏಕೆ ಮರಳಲಿಲ್ಲ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1980ರಿಂದ ಒಂದೊಂದೇ ಜಾಡು ಹಿಡಿದು ಓಕಿನಾವಾಕ್ಕೆ, ಥಾಯ್ಲೆಂಡಿಗೆ ಹೋಗಿಬಂದರು. 1990ರ ಜನವರಿಯಲ್ಲಿ ‘ಹಂಕ್ಯೊರೆ’ ಪತ್ರಿಕೆಯಲ್ಲಿ ಅವರ ಸರಣಿ ಬರಹ ಪ್ರಕಟವಾಯಿತು. ಅದೇ ವರ್ಷ ಜೂನಿನಲ್ಲಿ ಜಪಾನ್ ಸರಕಾರ ಸಂಸತ್ತಿನಲ್ಲಿ ಉತ್ತರ ಕೊಟ್ಟಿತು: ಆ ಹೆಂಗಸರನ್ನು ಕರೆದೊಯ್ದವರು ಖಾಸಗಿ ದಲ್ಲಾಳಿಗಳು, ಸರಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ನವೆಂಬರ್ 16ರಂದು ಮೂವತ್ತಕ್ಕೂ ಹೆಚ್ಚು ಮಹಿಳಾ ಸಂಘಟನೆಗಳು ಸೇರಿ ಕೊರಿಯನ್ ಕೌನ್ಸಿಲ್ ಎಂಬ ಒಕ್ಕೂಟ ಕಟ್ಟಿದವು. ಈಗ ಅವರ ಕೈಯಲ್ಲಿ ಬೇಡಿಕೆಗಳಿದ್ದವು, ವಿದ್ವಾಂಸರಿದ್ದರು, ಪತ್ರಿಕೆಯೂ ಇತ್ತು. ‘ಹೌದು, ಅದು ನಾನೇ’ ಎನ್ನುವ ಒಬ್ಬ ಹೆಂಗಸು ಮಾತ್ರ ಇರಲಿಲ್ಲ.

ಹಾಗೆ ಹೇಳಿದವರು ಕಿಮ್ ಹಕ್-ಸುನ್. 1991ರ ಆಗಸ್ಟ್ 14. ಅದೂ ಬುಧವಾರವೇ, ಆಗಿನ್ನೂ ಆ ವಾರಕ್ಕೆ ಯಾವ ಅರ್ಥವೂ ಬಂದಿರಲಿಲ್ಲ. ಕ್ಯಾಮೆರಾಗಳ ಮುಂದೆ ತಮ್ಮ ಸ್ವಂತ ಹೆಸರಿನಲ್ಲಿ, ಮುಖ ಮರೆಸದೆ ಆಕೆ ಮಾತಾಡಿದರು. 17ರ ಹರೆಯದಲ್ಲಿ ಬೀಜಿಂಗಿನಲ್ಲಿ ಜಪಾನಿ ಸೈನಿಕರ ಕೈಗೆ ಸಿಕ್ಕವರು, ಕೆಲವು ತಿಂಗಳ ಬಳಿಕ ಒಬ್ಬ ಕೊರಿಯನ್ ವ್ಯಾಪಾರಿಯ ನೆರವಿನಿಂದ ತಪ್ಪಿಸಿಕೊಂಡವರು. ಅವನನ್ನೇ ಮದುವೆಯಾದರು. ಮುಂದೆ ಗಂಡನೂ ಇಲ್ಲ, ಇಬ್ಬರು ಮಕ್ಕಳೂ ಇಲ್ಲ ಎನ್ನುವ ಸ್ಥಿತಿಯಲ್ಲಿ ಸಿಯೋಲಿನಲ್ಲಿ ಕೂಲಿನಾಲಿ ಮಾಡಿ ಒಂಟಿಯಾಗಿ ಬದುಕಿದ್ದರು. ತಾನು ಜೀವಂತ ಇರುವಾಗಲೇ ಜಪಾನ್ ಸರಕಾರ ಅಂಥದ್ದೇನೂ ನಡೆದಿಲ್ಲ ಎನ್ನುತ್ತಿದೆಯಲ್ಲ ಎಂಬ ಸಿಟ್ಟು ಆಕೆಯನ್ನು ಮೈಕಿನ ಮುಂದೆ ತಂದಿತ್ತು. ಕಳೆದುಕೊಳ್ಳಲು ಮನೆಮಂದಿ ಯಾರೂ ಇರಲಿಲ್ಲ ಎಂಬುದೂ ಒಂದು ಕಾರಣವಿದ್ದೀತು. ಮೊದಲು ಬಾಯಿಬಿಟ್ಟ ಅನೇಕರು ಹೀಗೆ ಹಿಂದೆ ಮುಂದೆ ಯಾರೂ ಇಲ್ಲದವರೇ. ಅದೇ ಡಿಸೆಂಬರಿನಲ್ಲಿ ಆಕೆ ಟೋಕಿಯೊ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. 1992ರ ಜನವರಿ 11ರಂದು ಇತಿಹಾಸಕಾರ ಯೊಶಿಮಿ ಯೊಶಿಯಾಕಿ ಜಪಾನಿನ ರಕ್ಷಣಾ ಇಲಾಖೆಯ ಗ್ರಂಥಾಲಯದಲ್ಲೇ ಹುಡುಕಿ ತೆಗೆದ ಸೇನೆಯ ಕಾಗದಗಳು ‘ಅಸಾಹಿ ಶಿಂಬುನ್’ ಪತ್ರಿಕೆಯ ಮುಖಪುಟದಲ್ಲಿ ಬಂದವು. ಖಾಸಗಿ ದಲ್ಲಾಳಿಗಳ ಕಥೆ ಅಲ್ಲಿಗೆ ಕುಸಿಯಿತು.

ಕೌನ್ಸಿಲ್ 1991ರ ಸೆಪ್ಟೆಂಬರಿನಲ್ಲಿ ಒಂದು ದೂರವಾಣಿ ಇಟ್ಟಿತು. ಈ ಚರಿತ್ರೆಯಲ್ಲಿ ಭಾಷಣಗಳಿಗಿಂತ ಆ ಫೋನಿನ ಪಾತ್ರ ದೊಡ್ಡದು. ಕಿಮ್ ಹಕ್-ಸುನ್ ಅವರನ್ನು ಟಿವಿಯಲ್ಲಿ ನೋಡಿದವರು, ಕೇಳಿದವರು ಕರೆ ಮಾಡತೊಡಗಿದರು. ಕೆಲವರು ಹೆಸರು ಹೇಳದೆ ಇಟ್ಟುಬಿಟ್ಟರು, ಕೆಲವರು ನೆಂಟರ ಹೆಸರಿನಲ್ಲಿ ವಿಚಾರಿಸಿದರು. 1993ರಲ್ಲಿ 19 ಮಹಿಳೆಯರ ಹೇಳಿಕೆಗಳ ಮೊದಲ ಸಂಪುಟ ಪ್ರಕಟವಾಯಿತು. ಅದೇ ವರ್ಷ ದಕ್ಷಿಣ ಕೊರಿಯಾ ಕಾನೂನು ಮಾಡಿ ಇವರಿಗೆ ತಿಂಗಳ ಭತ್ಯೆ, ವೈದ್ಯಕೀಯ ನೆರವು, ಬಾಡಿಗೆ ಮನೆಯ ಸೌಕರ್ಯ ಒದಗಿಸಿತು. ಸರಕಾರದ ಪಟ್ಟಿಯಲ್ಲಿ ಕೊನೆಗೆ ದಾಖಲಾದವರು 240 ಮಂದಿ.

ಮಾತು ಕಡಲು ದಾಟಿತು. ಮನಿಲಾದಲ್ಲಿ ಮರಿಯಾ ರೋಸಾ ಹೆನ್ಸನ್ ರೇಡಿಯೊದಲ್ಲಿ ಈ ವಿಚಾರ ಕೇಳಿ 1992ರ ಸೆಪ್ಟೆಂಬರಿನಲ್ಲಿ ಮುಂದೆ ಬಂದರು. ಅವರ ಹಿಂದೆ ಫಿಲಿಪ್ಪೀನ್ಸಿನ ಎಷ್ಟೋ ಮಂದಿ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನೆಲೆಸಿದ್ದ ಡಚ್ ಮೂಲದ ಯಾನ್ ರಫ್ ಓಹೆರ್ನ್ ತಮ್ಮ ಮನೆಯ ಟಿವಿಯಲ್ಲಿ ಕೊರಿಯಾದ ಅಜ್ಜಿಯರನ್ನು ಕಂಡು, ಐವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೆಣ್ಣುಮಕ್ಕಳಿಗೆ ಹೇಳಿದರು. ಆ ವರ್ಷದ ಡಿಸೆಂಬರಿನಲ್ಲಿ, ನೊಂದವರು ಸಾಕ್ಷಿ ನುಡಿದ ಟೋಕಿಯೊದ ವೇದಿಕೆಯಲ್ಲಿ ಅವರೂ ಇದ್ದರು. ಯಾವ ಆಪ್ತಸಮಾಲೋಚಕರೂ ಇವರನ್ನು ಮಾತಾಡಿ ಎಂದು ಒಪ್ಪಿಸಿದ್ದಲ್ಲ. ಒಬ್ಬಳ ಮಾತು ಇನ್ನೊಬ್ಬಳ ನಾಲಗೆಯ ಬೀಗ ತೆಗೆದಿತ್ತು.

ಇನ್ನು ಕಿಮ್ ಬೊಕ್-ದೊಂಗ್. ಈ ಕಥೆಯ ನಡುಗಂಬ ಇವರೇ. 1926ರಲ್ಲಿ ದಕ್ಷಿಣದ ಯಾಂಗ್‌ಸಾನ್‌ನಲ್ಲಿ ಹುಟ್ಟಿದರು. ಸೇನೆಗೆ ಬಟ್ಟೆ ಹೊಲಿಯುವ ಕಾರ್ಖಾನೆಯ ಕೆಲಸ ಎಂದು ನಂಬಿಸಿ ಒಯ್ದಾಗ ವಯಸ್ಸು 14. ಗ್ವಾಂಗ್‌ಡಾಂಗ್, ಹಾಂಗ್‌ಕಾಂಗ್, ಮಲಯ, ಸುಮಾತ್ರ, ಜಾವಾ, ಸಿಂಗಾಪುರ. ಸೇನೆ ಹೋದ ಕಡೆಯೆಲ್ಲ ಆಕೆಯನ್ನೂ ಸಾಗಿಸಿದರು. ಸೋಲು ಖಚಿತವಾದಾಗ ಸಿಂಗಾಪುರದ ಸೇನಾ ಆಸ್ಪತ್ರೆಯಲ್ಲಿ ಈ ಹುಡುಗಿಯರಿಗೆ ದಾದಿಯರ ವೇಷ ತೊಡಿಸಿ ಲೆಕ್ಕ ಮುಚ್ಚಲು ನೋಡಿದರು. ಊರಿಗೆ ಮರಳಿದಾಗ ಆಕೆಗೆ 22. ಮದುವೆ ಮಾಡಲು ತಾಯಿ ಹಟ ಹಿಡಿದಾಗ ನಡೆದದ್ದನ್ನು ಹೇಳಲೇಬೇಕಾಯಿತು. ತಾಯಿ ಅದನ್ನು ಯಾರ ಬಳಿಯೂ ಹೇಳಿಕೊಳ್ಳಲಾಗದೆ ಕೊರಗಿ ಸತ್ತರೆಂದು ಕಿಮ್ ಕೊನೆಯವರೆಗೂ ನಂಬಿದ್ದರು. ಬುಸಾನಿನಲ್ಲಿ ಹೋಟೆಲು ನಡೆಸಿ ಬದುಕಿದರು. 1992ರಲ್ಲಿ ಹೆಸರು ನೋಂದಾಯಿಸುತ್ತೇನೆ ಎಂದಾಗ ಅಕ್ಕ ಬೇಡವೆಂದು ಅಂಗಲಾಚಿದರು. ಅಕ್ಕನ ಮಕ್ಕಳ ಮುಂದಿನ ಬದುಕು ಏನಾಗಬೇಕು? ಕಿಮ್ ನೋಂದಾಯಿಸಿದರು. ನೆಂಟರ ಬಳಕೆ ನಿಂತಿತು. ಮರುವರ್ಷ ವಿಯೆನ್ನಾದ ವಿಶ್ವ ಮಾನವ ಹಕ್ಕುಗಳ ಸಮ್ಮೇಳನದಲ್ಲಿ ನಿಂತು ಸಾಕ್ಷಿ ನುಡಿದರು.

ಬುಧವಾರದ ಸಭೆಗೆ ಈಗ ಒಂದು ಆಚಾರ ಬೆಳೆದಿತ್ತು. ಹಳದಿ ಅಂಗಿ, ಹಳದಿ ಕಾಗದದ ಚಿಟ್ಟೆಗಳು, ಶುರುವಿಗೊಂದು ಹಾಡು, ಆಮೇಲೆ ಭಾಷಣ, ಕೊನೆಗೆ ಬೇಡಿಕೆಗಳ ಓದು: ಅಪರಾಧ ಒಪ್ಪಿಕೊಳ್ಳಿ, ಸತ್ಯ ಹೊರಗೆಡಹಿ, ಕ್ಷಮೆ ಕೇಳಿ, ಪರಿಹಾರ ಕೊಡಿ, ತಪ್ಪಿತಸ್ಥರನ್ನು ಶಿಕ್ಷಿಸಿ, ಪಠ್ಯಪುಸ್ತಕದಲ್ಲಿ ಬರೆಯಿರಿ, ಸ್ಮಾರಕ ಕಟ್ಟಿ. ಶಾಲೆಯ ಮಕ್ಕಳು ಬಸ್ಸು ಮಾಡಿಕೊಂಡು ಬಂದರು, ಸನ್ಯಾಸಿನಿಯರು ಬಂದರು, ಜಪಾನಿನಿಂದಲೂ ಜನ ಬಂದು ಕೂತರು. ನಮ್ಮೂರುಗಳ ವಾರದ ಸಂತೆಯ ಹಾಗೆ, ಯಾರೂ ಡಂಗುರ ಹೊಡೆಯದೆಯೇ ಬಂದು ಸೇರುವ ಜನ. ಒಂದೂ ವಾರ ತಪ್ಪದ ಸಭೆ ಎಂದು ಅಭಿಮಾನಿಗಳು ಹೇಳುವುದುಂಟು. ಕ್ಯಾಲೆಂಡರ್ ಅದನ್ನು ಪೂರ್ತಿ ಒಪ್ಪುವುದಿಲ್ಲ: ಮೊದಲ ಸಭೆಯಿಂದ 2011ರ ಡಿಸೆಂಬರ್ 14ರ ಸಾವಿರನೆಯ ಸಭೆಯವರೆಗೆ 1,041 ಬುಧವಾರಗಳು ಕಳೆದಿದ್ದವು. ತಪ್ಪಿದ ವಾರಗಳಲ್ಲಿ ಒಂದರ ಕಾರಣವನ್ನು ಮಾತ್ರ ನೆನೆಯಬೇಕು. 1995ರ ಜನವರಿಯಲ್ಲಿ ಕೋಬೆ ಭೂಕಂಪದಲ್ಲಿ ಜಪಾನಿನ ಸಾವಿರಾರು ಜನ ಸತ್ತಾಗ ಅಜ್ಜಿಯರು ಅಂದಿನ ಸಭೆಯನ್ನೇ ಕೈಬಿಟ್ಟರು. 2011ರ ಮಾರ್ಚಿನಲ್ಲಿ ಸುನಾಮಿ ಬಂದ ವಾರ ಘೋಷಣೆ ಕೂಗದೆ ಅದೇ ರಾಯಭಾರ ಕಚೇರಿಯ ಮುಂದೆ ಮೌನವಾಗಿ ನಿಂತು ಸಂತಾಪ ಸೂಚಿಸಿದರು. ಇವರ ಜಗಳ ಇದ್ದದ್ದು ಒಂದು ಸರಕಾರದ ಜೊತೆ.

ಸಾವಿರನೆಯ ಸಭೆಯ ದಿನ ಅಲ್ಲಿ ಕಂಚಿನ ಪ್ರತಿಮೆಯೊಂದು ಬಂತು. ಕಿಮ್ ಸಿಯೊ-ಕ್ಯುಂಗ್, ಕಿಮ್ ಉನ್-ಸುಂಗ್ ಎಂಬ ಶಿಲ್ಪಿ ದಂಪತಿಯ ಕೆಲಸ. ಕುರ್ಚಿಯ ಮೇಲೆ ಬರಿಗಾಲಿನ ಹುಡುಗಿ. ಹಿಮ್ಮಡಿ ನೆಲಕ್ಕೆ ತಾಗಿಲ್ಲ, ಏಕೆಂದರೆ ಊರಿಗೆ ಮರಳಿದರೂ ಅವರಿಗೆ ನೆಲೆ ಸಿಗಲಿಲ್ಲ. ಪಕ್ಕದಲ್ಲೊಂದು ಖಾಲಿ ಕುರ್ಚಿ. ಜಪಾನ್ ಸರಕಾರ ಅದನ್ನು ತೆಗೆಸಲು ಹೇಳಿತು, ಇಂದಿಗೂ ಹೇಳುತ್ತಿದೆ. ಚಳಿಗಾಲದಲ್ಲಿ ದಾರಿಹೋಕರು ಆ ಹುಡುಗಿಗೆ ಉಣ್ಣೆಯ ಟೋಪಿ ತೊಡಿಸಿ ಹೋಗುತ್ತಾರೆ.

ವಾರಕ್ಕೊಂದು ತಾಸಿನ ಪ್ರತಿಭಟನೆಯಿಂದ ಯಾರ ಹೊಟ್ಟೆಯೂ ತುಂಬದು, ಒಂಟಿತನವೂ ಕಳೆಯದು. 1992ರ ಅಕ್ಟೋಬರಿನಲ್ಲಿ ಬೌದ್ಧ ಸಂಘಟನೆಗಳು ಸಿಯೋಲಿನಲ್ಲಿ ಬಾಡಿಗೆ ಮನೆ ಹಿಡಿದು ‘ಹಂಚಿಕೆಯ ಮನೆ’ ತೆರೆದವು. 1995ರ ಕೊನೆಗೆ ಅದು ಗ್ವಾಂಗ್‌ಜು ಎಂಬಲ್ಲಿ ದಾನ ಬಂದ ಜಾಗಕ್ಕೆ ಹೋಯಿತು. ಅಲ್ಲಿ ಅಜ್ಜಿಯರು ಜಗಳವಾಡಿದರು, ಇಸ್ಪೀಟಿನಂಥ ಆಟವಾಡಿದರು, ತರಕಾರಿ ಬೆಳೆದರು. ಕೆಲವರು ಚಿತ್ರ ಬರೆಯಲು ಕಲಿತರು. ಕಾಂಗ್ ದುಕ್-ಕ್ಯುಂಗ್, ಕಿಮ್ ಸೂನ್-ದುಕ್ ಇವರ ಚಿತ್ರಗಳು ದೇಶ ದೇಶ ಸುತ್ತಿದವು. ಮಾತಿನಲ್ಲಿ ಹೇಳಲಾಗದ್ದನ್ನು ಬಣ್ಣದಲ್ಲಿ ಹೇಳಿದರೆಂದು ವಿಮರ್ಶಕರು ಬರೆದರು. ಆದರೆ ಕಾಂಗ್ ಅವರ ಚಿತ್ರಗಳಲ್ಲಿ ಕಾಣುವುದು ಅದಕ್ಕಿಂತ ನೇರ: ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಮರಕ್ಕೆ ಬಿಗಿಸಿಕೊಂಡು ನಿಂತ ಸೇನಾಧಿಕಾರಿ, ಅವನತ್ತ ಗುರಿಯಿಟ್ಟ ಪಿಸ್ತೂಲುಗಳು. ಬ್ಯೊನ್ ಯಂಗ್-ಜು ಎಂಬ ನಿರ್ದೇಶಕಿ 1995ರಿಂದ ಈ ಮನೆಯ ಬದುಕನ್ನೇ ಸಾಕ್ಷ್ಯಚಿತ್ರವಾಗಿಸಿದರು. ಕ್ಯಾಮೆರಾ ಕಂಡರೆ ಬೈಯುತ್ತಿದ್ದ ಅಜ್ಜಿಯರೇ ಮುಂದಿನ ಚಿತ್ರದಲ್ಲಿ, ನನ್ನನ್ನು ಹೀಗೆ ತೆಗೆ, ಹಾಗೆ ತೆಗೆ ಎನ್ನುವ ಹಂತಕ್ಕೆ ಬಂದಿದ್ದರು.

ಎಲ್ಲರೂ ಒಂದೇ ಮನಸ್ಸಿನವರಾಗಿರಲಿಲ್ಲ. 1993ರ ಆಗಸ್ಟಿನಲ್ಲಿ ಜಪಾನಿನ ಸಂಪುಟ ಕಾರ್ಯದರ್ಶಿ ಯೊಹೇಯಿ ಕೋನೊ ಸೇನೆಯ ಪಾತ್ರವನ್ನು ಒಪ್ಪಿ ವಿಷಾದ ಹೇಳಿದರು. 1995ರಲ್ಲಿ ‘ಏಷ್ಯನ್ ವಿಮೆನ್ಸ್ ಫಂಡ್’ ಹುಟ್ಟಿತು. ಒಬ್ಬೊಬ್ಬರಿಗೆ 20 ಲಕ್ಷ ಯೆನ್, ಜೊತೆಗೆ ಪ್ರಧಾನಿಯ ಸಹಿಯ ಪತ್ರ. ಆದರೆ ಆ 20 ಲಕ್ಷ ಸರಕಾರದ ಪರಿಹಾರವಲ್ಲ, ಜನರಿಂದ ಕೂಡಿಸಿದ ದೇಣಿಗೆ. ಭಿಕ್ಷೆ ಬೇಡ, ಹೊಣೆ ಬೇಕು ಎಂದು ಕಿಮ್ ಹಕ್-ಸುನ್, ಕಿಮ್ ಬೊಕ್-ದೊಂಗ್ ಮುಂತಾದವರು ತಿರಸ್ಕರಿಸಿದರು. ಬಡತನದಲ್ಲಿ ಬೇಯುತ್ತಿದ್ದ ಕೆಲವರು ತೆಗೆದುಕೊಂಡರು. ಕೊರಿಯಾದಲ್ಲಿ ಅವರನ್ನು ಬಹಳ ಮಂದಿ ಬೈದರು. ನೊಂದವರಿಗೆ ಬೆಂಬಲವಾಗಿ ಹುಟ್ಟಿದ ಚಳವಳಿ, ಯಾವ ಪರಿಹಾರ ಮರ್ಯಾದೆಯದು, ಯಾವುದು ಅಲ್ಲ ಎಂದು ನೊಂದವರಿಗೇ ಹೇಳತೊಡಗಿದ ಮೊದಲ ಗಳಿಗೆ ಅದು. ಹಣ ಪಡೆದವರ ಹೆಸರು ಬಹುಪಾಲು ಹೊರಬರಲೇ ಇಲ್ಲ. ಎರಡನೆಯ ಸಲ ಅವರು ಮೌನಕ್ಕೆ ಬಿದ್ದರು, ಈ ಸಲ ತಮ್ಮವರ ಭಯದಿಂದ.

1996ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ, ಶ್ರೀಲಂಕಾದ ರಾಧಿಕಾ ಕುಮಾರಸ್ವಾಮಿ ಇದನ್ನು ಸೇನಾ ಲೈಂಗಿಕ ಗುಲಾಮಗಿರಿ ಎಂದೇ ಕರೆದು ವರದಿ ಕೊಟ್ಟರು. 2000ದ ಡಿಸೆಂಬರಿನಲ್ಲಿ ಟೋಕಿಯೊದಲ್ಲೇ ಮಹಿಳಾ ಸಂಘಟನೆಗಳು ಜನತಾ ನ್ಯಾಯಮಂಡಳಿ ನಡೆಸಿದವು. 64 ಸಂತ್ರಸ್ತೆಯರು ಬಂದರು. ಉತ್ತರ, ದಕ್ಷಿಣ ಕೊರಿಯಾಗಳು ಒಂದೇ ದೋಷಾರೋಪ ಪಟ್ಟಿ ಸಲ್ಲಿಸಿದವು. ಇಬ್ಬರು ಮಾಜಿ ಜಪಾನಿ ಸೈನಿಕರು ತಾವು ಮಾಡಿದ್ದನ್ನು ಒಪ್ಪಿ ಸಾಕ್ಷಿ ಹೇಳಿದರು. ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ. ಎನ್. ಭಗವತಿ ಅವರ ಹೆಸರೂ ನ್ಯಾಯಪೀಠದಲ್ಲಿತ್ತು, ಅನಾರೋಗ್ಯದಿಂದ ಅವರು ಹೋಗಲಾಗಲಿಲ್ಲ. ಚಕ್ರವರ್ತಿ ಹಿರೋಹಿಟೊ ತಪ್ಪಿತಸ್ಥ ಎಂದು ಪೀಠ ಘೋಷಿಸಿತು. ಜಾರಿ ಮಾಡುವ ಅಧಿಕಾರವಿಲ್ಲದ ತೀರ್ಪು. ಆದರೂ ಆ ಸಭಾಂಗಣದಲ್ಲಿ ಅಜ್ಜಿಯರು ಎದ್ದು ನಿಂತು ಅತ್ತರು.

ಅದೇ ಹೊತ್ತಿಗೆ ಕೊರಿಯಾದಲ್ಲಿ ಬೇರೊಂದು ಗಂಟು ಬಿಚ್ಚಿಕೊಳ್ಳುತ್ತಿತ್ತು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಪರವಾಗಿ 3 ಲಕ್ಷಕ್ಕೂ ಹೆಚ್ಚು ಕೊರಿಯನ್ ಸೈನಿಕರು ಹೋಗಿದ್ದರು. ಅವರು ಹಳ್ಳಿಗಳಲ್ಲಿ ನಡೆಸಿದ ಕೊಲೆ, ಅತ್ಯಾಚಾರಗಳನ್ನು 1999ರಲ್ಲಿ ‘ಹಂಕ್ಯೊರೆ 21’ ವಾರಪತ್ರಿಕೆ ಬಯಲಿಗೆಳೆಯಿತು. ದೇಶ ಕೋಪಗೊಂಡಿತು, ಮಾಜಿ ಸೈನಿಕರು ಪತ್ರಿಕಾ ಕಚೇರಿಗೆ ನುಗ್ಗಿದರು. ಆಗ ಮುಂದೆ ಬಂದವರಲ್ಲಿ ಮೂನ್ ಮ್ಯುಂಗ್-ಗುಮ್, ಕಿಮ್ ಒಕ್-ಜು ಎಂಬ ಇಬ್ಬರು ಅಜ್ಜಿಯರಿದ್ದರು. ಮೂನ್ ಯುದ್ಧದ ಬಳಿಕವೂ ದಶಕಗಳ ಕಾಲ ಚೀನಾದಲ್ಲೇ ಉಳಿದು, ಮುಪ್ಪಿನಲ್ಲಿ ತಾಯ್ನಾಡಿಗೆ ಮರಳಿದವರು. ಕೊರಿಯನ್ ಸರಕಾರ ತಮಗೆ ಕೊಟ್ಟ ನೆರವಿನ ಹಣವನ್ನು ಇಬ್ಬರೂ ವಿಯೆಟ್ನಾಮಿನ ನೊಂದವರಿಗಾಗಿ ನಡೆದ ಅಭಿಯಾನಕ್ಕೆ ಕೊಟ್ಟುಬಿಟ್ಟರು. ಸಿಯೋಲಿನಲ್ಲಿ ಶಾಂತಿ ವಸ್ತುಸಂಗ್ರಹಾಲಯವೊಂದರ ಮೂಲಧನವಾದದ್ದು ಅದೇ ದುಡ್ಡು. ದೇಗು ನಗರದಲ್ಲಿ 2010ರಲ್ಲಿ ತೀರಿಹೋದ ಕಿಮ್ ಸುನ್-ಅಕ್ ಕೂಡ ಹಾಗೆಯೇ ಮಾಡಿದರು. ಆಸ್ತಿಯನ್ನೆಲ್ಲ ಎರಡು ಪಾಲು ಮಾಡಿ, ಒಂದನ್ನು ದಿಕ್ಕಿಲ್ಲದ ಬಡ ಮಕ್ಕಳಿಗೆ, ಇನ್ನೊಂದನ್ನು ‘ಹಿಯುಮ್’ ಎಂಬ ಸಂಗ್ರಹಾಲಯ ಕಟ್ಟಲು ಬಿಟ್ಟರು. 2015ರ ಡಿಸೆಂಬರಿನಲ್ಲಿ ಅದು ಬಾಗಿಲು ತೆರೆಯಿತು. ಮೊದಲಿಗರಾದ ಕಿಮ್ ಹಕ್-ಸುನ್ 1997ರಲ್ಲಿ ಸಾಯುವಾಗಲೂ ಉಳಿತಾಯವನ್ನು ತನಗಿಂತ ಬಡವರಿಗೆಂದೇ ಬಿಟ್ಟಿದ್ದರು.

ಈ ಹಳೆಯ ರೂಢಿಗೆ ಒಂದು ಹೆಸರು ಬಂದದ್ದು 2012ರ ಮಾರ್ಚ್ 8ರಂದು. ಕಿಮ್ ಬೊಕ್-ದೊಂಗ್ ಮತ್ತು ಗಿಲ್ ವೊನ್-ಒಕ್ ಪತ್ರಕರ್ತರನ್ನು ಕರೆದರು. ಗಿಲ್ ಈಗಿನ ಉತ್ತರ ಕೊರಿಯಾದವರು. 13ಕ್ಕೆ ಹಾರ್ಬಿನ್‌ಗೆ ಸಾಗಿಸಲ್ಪಟ್ಟು, ಯುದ್ಧದ ಬಳಿಕ ದೇಶ ಎರಡಾದ್ದರಿಂದ ಹುಟ್ಟಿದ ಮನೆಯನ್ನು ಮತ್ತೆ ಕಾಣದವರು. ಜಪಾನಿನಿಂದ ಪರಿಹಾರ ಬಂದರೆ ಅಷ್ಟನ್ನೂ ಈಗ ನಡೆಯುತ್ತಿರುವ ಯುದ್ಧಗಳಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಂಗಸರಿಗೆ ಕೊಡುತ್ತೇವೆ ಎಂದು ಇಬ್ಬರೂ ಘೋಷಿಸಿದರು. ಹಣ ಬರುವವರೆಗೆ ಕಾಯುವುದೂ ಬೇಡವೆಂದು ಜನರ ದೇಣಿಗೆಯಿಂದಲೇ ‘ಚಿಟ್ಟೆ ನಿಧಿ’ ಶುರುವಾಯಿತು. ನಿಧಿ ಮೊದಲು ತಲುಪಿದ್ದು ಕಾಂಗೋದ ರೆಬೆಕಾ ಮಸಿಕಾ ಕಟ್ಸುವಾ ಅವರನ್ನು.

ಆಕೆಯ ಹೆಸರು ಕನ್ನಡದಲ್ಲಿ ಹೆಚ್ಚು ಬಂದಿಲ್ಲ, ಬರಬೇಕಾದದ್ದು. 1990ರ ದಶಕದ ಕೊನೆಯಲ್ಲಿ ಶಸ್ತ್ರಧಾರಿಗಳು ಮನೆಗೆ ನುಗ್ಗಿ ಮಸಿಕಾ ಅವರ ಗಂಡನನ್ನು ಕೊಂದರು. ಆಕೆಯ ಮೇಲೆ, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಎಸಗಿದರು. ಗಂಡನ ಮನೆಯವರು ಹೊರಹಾಕಿದರು. ಆಕೆ ದಕ್ಷಿಣ ಕಿವುವಿನಲ್ಲಿ, ತನ್ನಂತೆ ಹೊರಬಿದ್ದ ಹೆಂಗಸರಿಗೆ ಮನೆ ತೆರೆದರು. ಗಾಯಗೊಂಡವರನ್ನು ಆಸ್ಪತ್ರೆಗೆ ಮುಟ್ಟಿಸುವುದು, ಬಂದವರ ಮಾತು ಕೇಳುವುದು, ಅತ್ಯಾಚಾರದಿಂದ ಹುಟ್ಟಿ ಯಾರಿಗೂ ಬೇಡವಾದ ಮಕ್ಕಳನ್ನು ಸಾಕುವುದು. ಒಂದು ಹೊಲ ಹಿಡಿದು ಎಲ್ಲರೂ ಕೂಡಿ ಬೇಸಾಯ ಮಾಡಿದರು. ಹೊಟ್ಟೆಪಾಡೂ ಅದೇ, ಮನಸ್ಸಿನ ಮದ್ದೂ ಅದೇ. ಸಾವಿರಾರು ಹೆಂಗಸರು ಅಲ್ಲಿ ಉಸಿರು ತೆಗೆದುಕೊಂಡರು. ಮಾತಾಡಿದ್ದಕ್ಕೆ, ನೆರವಾದದ್ದಕ್ಕೆ ಶಸ್ತ್ರಧಾರಿಗಳು ಸೇಡು ತೀರಿಸಿಕೊಂಡರು. ಆಕೆಯ ಮೇಲೆ ಮತ್ತೆ ಮತ್ತೆ ದಾಳಿಯಾಯಿತು. 2012ರ ನವೆಂಬರಿನಲ್ಲಿ ಕಾಂಗೋ ಸೇನೆಯೇ ಮಿನೋವಾ ಪಟ್ಟಣದಲ್ಲಿ ಸಾಮೂಹಿಕ ಅತ್ಯಾಚಾರ ನಡೆಸಿದಾಗ ನೊಂದವರು ಓಡಿಬಂದದ್ದು ‘ಮಾಮಾ ಮಸಿಕಾ’ ಬಳಿಗೆ. 2016ರ ಫೆಬ್ರವರಿ 2ರಂದು, ಐವತ್ತನೆಯ ಹುಟ್ಟುಹಬ್ಬಕ್ಕೆ ಕೆಲವೇ ತಿಂಗಳಿರುವಾಗ, ಕಾಯಿಲೆ ಬಿದ್ದು ತೀರಿಕೊಂಡರು. ಸಿಯೋಲಿನ ಮುದುಕಿಯರಿಗೂ ಕಿವು ಸರೋವರದ ದಂಡೆಯ ಈ ಹೆಂಗಸಿಗೂ ಭಾಷೆ ಬೇರೆ, ಯುದ್ಧ ಬೇರೆ, ಕಾಲವೂ ಬೇರೆ.

ನಿಧಿಯ ಎರಡನೆಯ ದಾರಿ ವಿಯೆಟ್ನಾಮಿಗೆ. ಕೊರಿಯನ್ ಸೈನಿಕರ ಅತ್ಯಾಚಾರಕ್ಕೆ ಸಿಕ್ಕಿದ ಹೆಂಗಸರಿಗೆ, ಅದರಿಂದ ಹುಟ್ಟಿದ ಮಕ್ಕಳಿಗೆ ನೆರವು ಹೋಗತೊಡಗಿತು. 2014ರ ಮಾರ್ಚಿನಲ್ಲಿ ಕಿಮ್ ಮತ್ತು ಗಿಲ್ ಇಬ್ಬರೂ ಕೊರಿಯಾದ ಪ್ರಜೆಗಳಾಗಿ ಆ ಹೆಂಗಸರ ಕ್ಷಮೆ ಕೇಳಿದರು. ಜಪಾನಿನಿಂದ ಕ್ಷಮೆಗಾಗಿ ಕಾಯುತ್ತಿದ್ದವರು, ತಮ್ಮದಲ್ಲದ ತಪ್ಪಿಗೆ, ತಮ್ಮ ಸರಕಾರ ಬಾಯಿಬಿಡದ ತಪ್ಪಿಗೆ ಕ್ಷಮೆ ಕೇಳಿದರು. ದೇಶಾಭಿಮಾನದ ಭಾಷಣಗಳಿಗೆ ಇವರ ಹೆಸರನ್ನು ಬಳಸಿಕೊಂಡು ರೂಢಿಯಾಗಿದ್ದ ರಾಜಕಾರಣಿಗಳಿಗೆ ಅದು ನುಂಗಲಾಗದ ತುತ್ತು.

2015ರ ಡಿಸೆಂಬರ್ 28ರಂದು ಎರಡೂ ಸರಕಾರಗಳು ಒಪ್ಪಂದವಾಯಿತೆಂದು ಸಾರಿದವು. 100 ಕೋಟಿ ಯೆನ್. ವಿಷಯ ಅಂತಿಮವಾಗಿ, ಮರಳಿ ಎತ್ತದಂತೆ ಮುಗಿಯಿತು. ಅಜ್ಜಿಯರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಸಮಜಾಯಿಷಿ ಹೇಳಲು ಬಂದ ಉಪಮಂತ್ರಿಯನ್ನು ಅವರು ಮುಖಕ್ಕೆ ಹೊಡೆದಂತೆ ಪ್ರಶ್ನಿಸಿದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. 2018ರ ಸೆಪ್ಟೆಂಬರಿನಲ್ಲಿ, ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಚೇತರಿಸಿಕೊಳ್ಳದ ಕಿಮ್ ಬೊಕ್-ದೊಂಗ್ ಮಳೆಯಲ್ಲಿ ಗಾಲಿಕುರ್ಚಿ ತಳ್ಳಿಸಿಕೊಂಡು ಬಂದು ವಿದೇಶಾಂಗ ಸಚಿವಾಲಯದ ಮುಂದೆ ಒಬ್ಬರೇ ಪ್ರತಿಭಟಿಸಿದರು. ಒಪ್ಪಂದದ ಹಣದಿಂದ ಕಟ್ಟಿದ ಪ್ರತಿಷ್ಠಾನವನ್ನು ಮುಚ್ಚುವುದಾಗಿ ಸರಕಾರ ನವೆಂಬರಿನಲ್ಲಿ ಹೇಳಿತು. 2019ರ ಜನವರಿ 28ರಂದು ಕಿಮ್ ತೀರಿಕೊಂಡರು, 92ರ ವಯಸ್ಸಿನಲ್ಲಿ. ಕೈಯಲ್ಲಿದ್ದದ್ದನ್ನೆಲ್ಲ ಅಷ್ಟರಲ್ಲಿ ಹಂಚಿಬಿಟ್ಟಿದ್ದರು. ಜಪಾನಿನಲ್ಲಿ ಓದುವ ಕೊರಿಯನ್ ಮಕ್ಕಳ ಶಾಲೆಗಳಿಗೂ ಅದರಲ್ಲಿ ಪಾಲಿತ್ತು.

ಮರುವರ್ಷ ಬಂದ ಪೆಟ್ಟು ಒಳಗಿನದು. 2020ರ ಮೇ 7ರಂದು ದೇಗು ನಗರದಲ್ಲಿ ಲೀ ಯೊಂಗ್-ಸೂ ಪತ್ರಿಕಾಗೋಷ್ಠಿ ಕರೆದರು. 2007ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಸಾಕ್ಷಿ ನುಡಿದಿದ್ದ ಅಜ್ಜಿ ಇವರು, ಕಡೆಗಣಿಸಲಾಗದ ದನಿ. ಸಭೆಗಳಲ್ಲಿ ಕೂಡಿಬಿದ್ದ ದೇಣಿಗೆ ಅಜ್ಜಿಯರಿಗೆ ಖರ್ಚಾಗಿಲ್ಲ, ಮೂವತ್ತು ವರ್ಷ ತಮ್ಮನ್ನು ಬಳಸಿಕೊಂಡಿದ್ದಾರೆ, ಬುಧವಾರದ ಸಭೆ ಮಕ್ಕಳಿಗೆ ದ್ವೇಷ ಕಲಿಸುತ್ತಿದೆ ಎಂದು ದೂರಿದರು. ಒಕ್ಕೂಟದ ಮಾಜಿ ಮುಖ್ಯಸ್ಥೆ ಯುನ್ ಮೀ-ಹ್ಯಾಂಗ್ ಆಗಷ್ಟೇ ಸಂಸತ್ತಿಗೆ ಆಯ್ಕೆಯಾಗಿದ್ದರು. ಹಣ ದುರುಪಯೋಗದ ಮೊಕದ್ದಮೆ ನಡೆದು, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರ ಅಮಾನತು ಶಿಕ್ಷೆಯನ್ನು ಎತ್ತಿಹಿಡಿಯಿತು. 2025ರಲ್ಲಿ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು. ‘ಹಂಚಿಕೆಯ ಮನೆ’ಯ ದೇಣಿಗೆಯ ಲೆಕ್ಕದ ಬಗ್ಗೆಯೂ 2020ರಲ್ಲೇ ತನಿಖೆಯಾಯಿತು. ಬಲಪಂಥೀಯ ಗುಂಪುಗಳಿಗೆ ಹಬ್ಬ. ಪ್ರತಿಮೆಯ ಮುಂದಿನ ಜಾಗವನ್ನು ಅವರೇ ಪೊಲೀಸರಲ್ಲಿ ಮೊದಲು ಕಾದಿರಿಸತೊಡಗಿದ್ದರಿಂದ ಬುಧವಾರದ ಸಭೆ ಒಂದಷ್ಟು ಪಕ್ಕಕ್ಕೆ ಸರಿಯಬೇಕಾಯಿತು. ಲೀ ಅವರ ದೂರನ್ನು ಶತ್ರುಗಳ ಕೈಗೆ ಕೊಟ್ಟ ಕೋಲು ಎಂದು ಬದಿಗಿಡುವುದು ಸುಲಭ, ಬಹಳ ಮಂದಿ ಹಾಗೇ ಮಾಡಿದರು. ಆದರೆ ಫೋನು ಎತ್ತಿಕೊಂಡು ಕೇಳುವುದಕ್ಕೆಂದು ಹುಟ್ಟಿದ ಸಂಸ್ಥೆ, ಒಬ್ಬ ಅಜ್ಜಿಯ ಮಾತನ್ನು ಕೇಳದೆ ಹೋಗಿತ್ತು ಎಂಬುದಂತೂ ನಿಜ. ಹೋರಾಟವನ್ನು ಕೈಬಿಡುತ್ತೇನೆಂದು ಲೀ ಹೇಳಿರಲಿಲ್ಲ. ಅದರ ರೀತಿ ಬದಲಾಗಲಿ, ಕೊರಿಯಾ ಮತ್ತು ಜಪಾನಿನ ಮಕ್ಕಳು ಒಟ್ಟಿಗೆ ಕೂತು ಈ ಚರಿತ್ರೆ ಕಲಿಯಲಿ ಎಂದಿದ್ದರು.

ಗಿಲ್ ವೊನ್-ಒಕ್ 2025ರ ಫೆಬ್ರವರಿಯಲ್ಲಿ ಹೋದರು. ನೋಂದಾಯಿತರಾದ 240 ಮಂದಿಯಲ್ಲಿ ಆ ವರ್ಷ ಉಳಿದವರು ಹತ್ತಕ್ಕೂ ಕಡಿಮೆ. ಸಭೆಗೆ ಈಗ ಅಜ್ಜಿಯರು ಬರುವುದು ಅಪರೂಪ, ಬರುವ ಶಕ್ತಿ ಇಲ್ಲ. ಎದುರಿಗಿದ್ದ ಹಳೆಯ ರಾಯಭಾರ ಕಟ್ಟಡವೂ ಇಲ್ಲ; 2015ರಲ್ಲಿ ಕಚೇರಿ ಪಕ್ಕದ ಬಹುಮಹಡಿ ಕಟ್ಟಡಕ್ಕೆ ಹೋಗಿ, ಹಳೆಯದನ್ನು ಕೆಡವಿದರು.

ನ್ಯಾಯಾಲಯಗಳಲ್ಲಿ ಮಾತ್ರ ಕಥೆ ಮುಂದುವರಿದಿದೆ. 2021ರ ಜನವರಿ 8ರಂದು ಸಿಯೋಲ್ ಕೇಂದ್ರ ಜಿಲ್ಲಾ ನ್ಯಾಯಾಲಯ 12 ಮಂದಿಗೆ ತಲಾ 10 ಕೋಟಿ ವೊನ್ ಕೊಡುವಂತೆ ಜಪಾನಿಗೆ ಆದೇಶಿಸಿತು. ಪರದೇಶದ ಕೋರ್ಟು ತನ್ನನ್ನು ವಿಚಾರಿಸುವಂತಿಲ್ಲ ಎಂದು ಜಪಾನ್ ಹಣ ಕೊಟ್ಟಿಲ್ಲ. ಎರಡು ವರ್ಷದ ಬಳಿಕ, 2023ರ ಫೆಬ್ರವರಿ 7ರಂದು, ಅದೇ ನ್ಯಾಯಾಲಯದ ಮೆಟ್ಟಿಲೇರಿ ಗೆದ್ದವರು ನ್ಗುಯೆನ್ ಥಿ ಥಾನ್ ಎಂಬ ವಿಯೆಟ್ನಾಂ ಮಹಿಳೆ. 1968ರಲ್ಲಿ ಫೊಂಗ್ ನ್ಹಿ ಹಳ್ಳಿಯಲ್ಲಿ ಕೊರಿಯನ್ ಸೈನಿಕರ ಗುಂಡಿಗೆ ಮನೆಯವರನ್ನು ಕಳೆದುಕೊಂಡು, ಹೊಟ್ಟೆಗೆ ಗುಂಡು ತಗುಲಿ ಉಳಿದ ಎಂಟು ವರ್ಷದ ಹುಡುಗಿ ಆಗ ಆಕೆ. ಸುಮಾರು 3 ಕೋಟಿ ವೊನ್ ಕೊಡುವಂತೆ ನ್ಯಾಯಾಲಯ ಈ ಸಲ ಹೇಳಿದ್ದು ಕೊರಿಯಾ ಸರಕಾರಕ್ಕೆ. ಸರಕಾರ ಮೇಲ್ಮನವಿ ಹಾಕಿತು. 2025ರ ಜನವರಿಯಲ್ಲಿ ಅಲ್ಲೂ ಸೋತು, ಸುಪ್ರೀಂ ಕೋರ್ಟಿಗೆ ಹೋಯಿತು.